ಒರೆಸುವ ಮುನ್ನ ಬಟ್ಟೆಯನ್ನು ನೋಡಿ: ಚಿಕ್ಕಬಳ್ಳಾಪುರ ಸೀಮೆಯ ಛಾಯಾಗ್ರಾಹಕರಿಗೆ ಒಂದು ಬಹಿರಂಗ ಪತ್ರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸ್ಟುಡಿಯೋ ಮಾಲೀಕರಿಗೆ, ಮದುವೆ ಫೋಟೊ ತೆಗೆಯುವವರಿಗೆ, ಪತ್ರಿಕೆಗಳಿಗೆ ಚಿತ್ರ ಕಳಿಸುವವರಿಗೆ, ಭಾನುವಾರ ಬಂತೆಂದರೆ ಹೂವು, ಹುಳು, ಹಕ್ಕಿ ಹುಡುಕಿಕೊಂಡು ಹೊರಡುವ ಎಲ್ಲ ಗೆಳೆಯರಿಗೆ,



ಒಂದು ಲೆನ್ಸ್ ಕೊಳ್ಳುವ ಮುಂಚೆ ನಾವು ಹತ್ತು ಜನರನ್ನು ವಿಚಾರಿಸುತ್ತೇವೆ. ಬೆಂಗಳೂರಿಗೆ ಹೋಗಿ ಅಂಗಡಿ ಅಂಗಡಿ ಅಲೆದು, ಕೈಯಲ್ಲಿ ಹಿಡಿದು ನೋಡಿ, ಕಂತಿನ ಲೆಕ್ಕ ಹಾಕಿ ಮನೆಗೆ ತರುತ್ತೇವೆ. ಆ ಗಾಜಿನ ಮೇಲೆ ವರ್ಷಗಟ್ಟಲೆ ಉಜ್ಜುವ ಅಂಗೈಯಗಲದ ಬಟ್ಟೆಯನ್ನು ಮಾತ್ರ ಯಾರೂ ವಿಚಾರಿಸಿ ತಂದದ್ದಲ್ಲ. ಕನ್ನಡಕದ ಅಂಗಡಿಯವರು ಡಬ್ಬಿಯೊಳಗೆ ಇಟ್ಟುಕೊಟ್ಟದ್ದೋ, ಕಾರು ಒರೆಸಲು ತಂದದ್ದರಲ್ಲಿ ಕತ್ತರಿಸಿಕೊಂಡದ್ದೋ, ಹೇಗೋ ಒಂದು ಬ್ಯಾಗಿಗೆ ಸೇರಿರುತ್ತದೆ. ಮೊಬೈಲಿಗೂ ಅದೇ, ಕನ್ನಡಕಕ್ಕೂ ಅದೇ, ಲೆನ್ಸಿಗೂ ಅದೇ. ಮೈಕ್ರೋಫೈಬರ್ ಅಲ್ಲವೇ, ಮೆತ್ತಗಿದೆ, ಗಾಜಿಗೆ ಏನೂ ಆಗದು ಎಂಬ ಭರವಸೆ. ಆ ಭರವಸೆಯನ್ನು ಒಮ್ಮೆ ಮ್ಯಾಕ್ರೋ ಲೆನ್ಸಿನ ಕೆಳಗಿಟ್ಟು ನೋಡಿ ಎಂದು ಕೇಳಿಕೊಳ್ಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮನ್ನೇ ಕೇಳುವುದಕ್ಕೆ ಮೊದಲ ಕಾರಣ ನಮ್ಮ ನೆಲ. ನಂದಿ, ಸ್ಕಂದಗಿರಿ, ಬ್ರಹ್ಮಗಿರಿ, ಆಚೆ ಚಿಂತಾಮಣಿಯ ಅಂಬಾಜಿದುರ್ಗ, ಕೈವಾರದ ಬೆಟ್ಟ, ಎಲ್ಲವೂ ಬಂಡೆಯ ಬೆಟ್ಟಗಳೇ. ಆ ಕಲ್ಲು ಸವೆದು ಆದದ್ದು ನಮ್ಮ ಕೆಂಪು ಮಣ್ಣು. ಅದರ ತುಂಬ ಬೆಣಚುಕಲ್ಲಿನ ಪುಡಿ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ನಮ್ಮದು. ಶಿವರಾತ್ರಿ ಕಳೆದ ಮೇಲೆ ದೂಳು ನೆಲದಲ್ಲಿ ಕೂರುವುದೇ ಇಲ್ಲ. ಇದರ ಮೇಲೆ ಕಲ್ಲುಕ್ವಾರಿ, ಕ್ರಷರ್, ಜಲ್ಲಿ ಲಾರಿಗಳು. ಖನಿಜಗಳ ಗಡಸುತನ ಹೇಳುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7. ಲೆನ್ಸಿನ ಗಾಜು ಸಾಮಾನ್ಯವಾಗಿ 6ರ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ನಿಲ್ಲುತ್ತದೆ. ಆ ಗಾಜಿನ ಮೇಲೆ ಪ್ರತಿಫಲನ ತಡೆಯಲೆಂದು ಲೇಪಿಸುವ ಮೆಗ್ನೀಸಿಯಂ ಫ್ಲೋರೈಡಿನ ಒಂದು ಪದರದ ದಪ್ಪ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟು. ಹಾಗಾಗಿ ಬಟ್ಟೆ ಎಷ್ಟು ಮೆತ್ತಗಿದ್ದರೂ ಪ್ರಯೋಜನವಿಲ್ಲ. ಗಾಜನ್ನು ಗೀರುವುದು ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡ ನಮ್ಮೂರಿನ ಕಲ್ಲು.

ಮೈಕ್ರೋಫೈಬರಿನ ಗುಣವೇ ಹಿಡಿದುಕೊಳ್ಳುವುದು. ಹತ್ತಿ ಬಟ್ಟೆ ದೂಳನ್ನು ಅತ್ತಿತ್ತ ಸರಿಸುತ್ತದೆ, ಇದು ಒಳಗೆ ಎಳೆದುಕೊಂಡು ಇಟ್ಟುಕೊಳ್ಳುತ್ತದೆ. ಒಳ್ಳೆಯದೇ. ಆದರೆ ನಿನ್ನೆ ಹಿಡಿದಿಟ್ಟದ್ದನ್ನು ಇವತ್ತು ಬಿಟ್ಟುಬಿಡುತ್ತದೆ ಎಂದು ಯಾರು ಹೇಳಿದರು? ಪ್ಯಾಂಟಿನ ಜೇಬಿನಲ್ಲಿ ಚಿಲ್ಲರೆ ಕಾಸಿನ ಜೊತೆ ತಿಂಗಳುಗಟ್ಟಲೆ ಇದ್ದ ಬಟ್ಟೆಯಲ್ಲಿ ಏನೇನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಮ್ಯಾಕ್ರೋ ಲೆನ್ಸಿಗೆ ಕಾಣುತ್ತದೆ. ನೀವು ಈಗ ಬಳಸುತ್ತಿರುವ ಬಟ್ಟೆಯನ್ನು, ತೊಳೆಯದೆ ಹಾಗೆಯೇ, ಕಪ್ಪು ಹಲಗೆಯ ಮೇಲೆ ಹರವಿ. ಒಂದು ಪಕ್ಕದಿಂದ ತಗ್ಗಿನಲ್ಲಿ ಎಲ್‌ಇಡಿ ಬೆಳಕು ಬಿಡಿ. ಒಂದಕ್ಕೊಂದು ಅಳತೆಯಲ್ಲಿ ಕ್ಲಿಕ್ಕಿಸಿ. ಮ್ಯಾಕ್ರೋ ಲೆನ್ಸ್ ಇಲ್ಲದವರು ಹಳೆಯ 50 ಎಂಎಂ ಲೆನ್ಸನ್ನು ರಿವರ್ಸ್ ರಿಂಗ್ ಹಾಕಿ ತಿರುಗಿಸಿ ಕೂರಿಸಿದರೂ ಸಾಕು. ಎಳೆಗಳ ಕುಣಿಕೆಗಳ ನಡುವೆ ಮೂಲೆಗಳಿರುವ, ಬೆಳಕಿಗೆ ಮಿನುಗುವ ಹರಳುಗಳು ಕಂಡರೆ ಅದನ್ನೇ ನೀವು ಲೆನ್ಸಿನ ಮೇಲೆ ಗುಂಡಗೆ ಉಜ್ಜುತ್ತಿದ್ದೀರಿ. ನಾನು ಇಲ್ಲಿ ಎಷ್ಟು ಬರೆದರೂ ಆ ಒಂದು ಚಿತ್ರದಷ್ಟು ನಿಮಗೆ ನಾಟುವುದಿಲ್ಲ.

ಹಾಗಾದರೆ ಒರೆಸುವುದು ಹೇಗೆ ಎನ್ನುವಿರಿ. ಅದಕ್ಕಿಂತ ಮೊದಲು, ಒರೆಸಲೇಬೇಕೆ ಎಂದು ಕೇಳಿಕೊಳ್ಳಿ. ಮುಂದಿನ ಗಾಜಿನ ಮೇಲೆ ಕೂತ ನಾಲ್ಕು ದೂಳಿನ ಕಣಗಳು ಸಾಮಾನ್ಯ ಚಿತ್ರದಲ್ಲಿ ಕಾಣುವುದೇ ಇಲ್ಲ. ಆಕಾಶದಲ್ಲಿ ಬೂದುಬಣ್ಣದ ಚುಕ್ಕಿ ಬಂದರೆ ಅದು ಹೆಚ್ಚಾಗಿ ಒಳಗಿನ ಸೆನ್ಸರಿನ ಮೇಲೆ ಕೂತ ದೂಳು. ಹೊರಗಿನ ಗಾಜನ್ನು ಎಷ್ಟು ತಿಕ್ಕಿದರೂ ಹೋಗದು. ಸೆನ್ಸರಿಗೆ ಈ ಬಟ್ಟೆಯನ್ನು ಯಾವ ಕಾರಣಕ್ಕೂ ಮುಟ್ಟಿಸಬಾರದು. ಮುಂದಿನ ಗಾಜಿನ ಕೊಳೆ ಚಿತ್ರ ಕೆಡಿಸುವುದು ಎರಡು ಹೊತ್ತಿನಲ್ಲಿ. ಸೂರ್ಯನಿಗೆ ಎದುರಾಗಿ ತೆಗೆಯುವಾಗ, ಅಂದರೆ ನಂದಿ ಬೆಟ್ಟದ ಸೂರ್ಯೋದಯಕ್ಕೆ ನಿಂತಾಗ, ಒಂದು ಬೆರಳಚ್ಚಿನ ಜಿಡ್ಡು ಇಡೀ ಚಿತ್ರದ ಮೇಲೆ ಮಬ್ಬು ಹರಡುತ್ತದೆ. ಇನ್ನೊಂದು, ಅಗಲ ಕೋನದ ಲೆನ್ಸನ್ನು ಹೂವಿನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಅಪರ್ಚರ್ ಕಿರಿದು ಮಾಡಿ ತೆಗೆಯುವಾಗ. ಉಳಿದ ಹೊತ್ತಿನಲ್ಲಿ ಹುಡ್ ಹಾಕಿ, ಮುಚ್ಚಳ ಮುಚ್ಚಿ, ಸುಮ್ಮನಿರುವುದೇ ಲೆನ್ಸಿಗೆ ಮಾಡುವ ದೊಡ್ಡ ಉಪಕಾರ. ಬೇಸರವಾದಾಗಲೆಲ್ಲ ಲೆನ್ಸ್ ಒರೆಸುತ್ತ ಕೂರುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಅದನ್ನು ಬಿಡಬೇಕು.

ಒರೆಸಲೇಬೇಕಾದಾಗ ಬಟ್ಟೆಯ ಸರದಿ ಕೊನೆಯದು. ಮೊದಲು ಲೆನ್ಸನ್ನು ನೆಲಕ್ಕೆ ಮುಖ ಮಾಡಿ ಹಿಡಿದು ರಬ್ಬರ್ ಬ್ಲೋವರಿನಿಂದ ಗಾಳಿ ಹೊಡೆಯಿರಿ. ಬಾಯಿಂದ ಉಫ್ ಎಂದರೆ ಎಂಜಲ ಹನಿ ಸಿಡಿಯುತ್ತದೆ. ಗಾಳಿಗೆ ಹೋಗದ್ದನ್ನು ಮೆತ್ತನೆಯ ಬ್ರಷ್ಷಿನಿಂದ ತೇಲಿಸಿದ ಹಾಗೆ ಸರಿಸಿ. ಆ ಬ್ರಷ್ಷಿನ ಕೂದಲನ್ನು ಬೆರಳಿನಿಂದ ಮುಟ್ಟಬೇಡಿ, ಚರ್ಮದ ಜಿಡ್ಡು ಅಂಟುತ್ತದೆ. ಇಷ್ಟಾಗಿಯೂ ಜಿಡ್ಡು ಉಳಿದಿದ್ದರೆ ಮಾತ್ರ ಬಟ್ಟೆ ತೆಗೆಯಿರಿ. ಲೆನ್ಸ್ ದ್ರವವನ್ನು ಬಟ್ಟೆಗೆ ಹಾಕಬೇಕು, ಗಾಜಿಗಲ್ಲ. ಗಾಜಿನ ಮೇಲೆ ಹಾಕಿದ ಹನಿ ಅಂಚಿನ ಸಂದಿಗೆ ಇಳಿದು ಒಳಗೆ ಸೇರುತ್ತದೆ. ನಡುವಿನಿಂದ ಶುರುಮಾಡಿ ಸುತ್ತುತ್ತ ಅಂಚಿಗೆ ಬನ್ನಿ, ಒತ್ತಡ ಹಾಕದೆ. ಒಂದು ಸಲ ಮುಟ್ಟಿಸಿದ ಭಾಗವನ್ನು ಮಡಿಚಿ, ಮುಂದಿನ ಸುತ್ತಿಗೆ ಹೊಸ ಭಾಗ ಬಳಸಿ.

ಮದುವೆ ಮನೆಯ ಕೊಳೆ ಬೇರೆಯೇ ಜಾತಿಯದು. ಹೋಮದ ತುಪ್ಪದ ಹೊಗೆ ಗಾಜಿನ ಮೇಲೆ ಎಣ್ಣೆಯ ಪೊರೆ ಕಟ್ಟುತ್ತದೆ, ಕರ್ಪೂರದ ಮಸಿ ಅದಕ್ಕೆ ಅಂಟುತ್ತದೆ, ಅರಿಶಿನ ಶಾಸ್ತ್ರದ ಎರಚಾಟದಲ್ಲಿ ಅರಿಶಿನದ ಹನಿ ಬೀಳುತ್ತದೆ. ಇವಕ್ಕೆ ಒಣಬಟ್ಟೆ ಸಾಲದು, ದ್ರವ ಬೇಕು. ಪೆಟ್ರೋಲ್, ಥಿನ್ನರ್ ಕಡೆಗೆ ಕೈ ಚಾಚಬೇಡಿ. ಮುಹೂರ್ತದ ಗಡಿಬಿಡಿಯಲ್ಲಿ ಅಂಗಿಯ ಚುಂಗೋ, ಪಕ್ಕದಲ್ಲಿದ್ದ ಶಲ್ಯವೋ, ಯಾರದೋ ಸೆರಗೋ ಕೈಗೆ ಸಿಕ್ಕರೆ ಅದರಿಂದಲೂ ಒರೆಸಬೇಡಿ. ಅಂಗಿಯಲ್ಲಿ ಬೆವರಿನ ಉಪ್ಪು ಮತ್ತು ಊರಿನ ದೂಳು, ಶಲ್ಯದಲ್ಲೂ ಸೆರಗಿನಲ್ಲೂ ಜರಿ. ಇಂಥ ಹೊತ್ತಿಗೆಂದೇ ಒಂದು ಯುವಿ ಫಿಲ್ಟರ್ ಹಾಕಿಕೊಂಡಿದ್ದರೆ ನಷ್ಟ ಫಿಲ್ಟರಿಗೆ ಮುಗಿಯುತ್ತದೆ. ಸೇವಂತಿಗೆ ತೋಟದಿಂದ ಬಂದಾಗಿನ ಪರಾಗವನ್ನಂತೂ ತಿಕ್ಕಲೇಬೇಡಿ. ಅದಕ್ಕೆ ಅಂಟಿನ ಗುಣ ಇದೆ, ತಿಕ್ಕಿದರೆ ಹಳದಿ ಗೀಟು ಎಳೆದುಕೊಳ್ಳುತ್ತದೆ, ಗಾಳಿಯಿಂದಲೇ ಹಾರಿಸಬೇಕು.

ಬಟ್ಟೆಗೂ ಬಾಳಿಕೆ ಇದೆ. ಲೆನ್ಸಿಗೊಂದು, ಮೊಬೈಲಿಗೊಂದು ಬೇರೆ ಬೇರೆ ಇಡಿ. ಜಿಪ್ ಕವರಿನಲ್ಲಿ ಹಾಕಿಡಿ. ನೆಲಕ್ಕೆ ಬಿದ್ದರೆ ಆ ದಿನಕ್ಕೆ ಅದರ ಕೆಲಸ ಮುಗಿಯಿತು. ತೊಳೆಯುವಾಗ ಮನೆಯ ಬಟ್ಟೆಗಳ ಜೊತೆ ಹಾಕಬೇಡಿ, ಟವಲಿನ ನಾರೆಲ್ಲ ಇದಕ್ಕೆ ಸುತ್ತಿಕೊಳ್ಳುತ್ತದೆ. ತೆಳುವಾದ ಸೋಪಿನ ನೀರು ಸಾಕು. ಬಟ್ಟೆಗೆ ಮೃದುತ್ವ, ಪರಿಮಳ ಕೊಡುವ ಕಂಡಿಷನರ್ ದ್ರವ ಹಾಕಿದರೆ ಎಳೆಗಳ ಮೇಲೆ ಮೇಣದಂಥ ಲೇಪ ಕೂತು, ಮುಂದೆ ಅದೇ ಲೇಪ ಗಾಜಿಗೆ ಬಳಿದುಕೊಳ್ಳುತ್ತದೆ. ನೆರಳಿನಲ್ಲಿ ಒಣಗಿಸಿ. ಇಸ್ತ್ರಿ ಬೇಡ, ಪ್ಲಾಸ್ಟಿಕ್ ಎಳೆಯಿದು, ಬಿಸಿಗೆ ಕೆಡುತ್ತದೆ. ಪ್ರತಿ ತೊಳೆತದಲ್ಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಚೂರುಗಳು ನೀರಿಗೆ ಹೋಗುತ್ತವೆ ಎಂಬುದನ್ನೂ ಮರೆಯಬಾರದು. ಬೇಕಾದಾಗ ಮಾತ್ರ ತೊಳೆಯಿರಿ, ಜೋಪಾನ ಮಾಡಿ ವರ್ಷಗಟ್ಟಲೆ ಬಳಸಿ.

ಇನ್ನು ಈ ಎಳೆ ಹೇಗಿದೆ ಎಂದು ಹೇಳಬೇಕು. ಇಲ್ಲಿಂದ ಮುಂದಿನ ಮಾತು ಶಿಡ್ಲಘಟ್ಟದವರಿಗೆ ನನಗಿಂತ ಚೆನ್ನಾಗಿ ಗೊತ್ತು. ಎಳೆಯ ಸಪೂರವನ್ನು ಡೆನಿಯರ್‌ನಲ್ಲಿ ಅಳೆಯುತ್ತಾರೆ. 9,000 ಮೀಟರ್ ಎಳೆ ಒಂದು ಗ್ರಾಂ ತೂಗಿದರೆ ಅದು ಒಂದು ಡೆನಿಯರ್. ನಮ್ಮ ರೀಲರುಗಳು ಎಂಟೋ ಹತ್ತೋ ಗೂಡಿನ ಎಳೆಗಳನ್ನು ಕೂಡಿಸಿ 20–22 ಡೆನಿಯರ್ ನೂಲು ತೆಗೆಯುತ್ತಾರೆ. ಒಂದು ಗೂಡಿನ ಎಳೆ ಸುಮಾರು ಎರಡರಿಂದ ಮೂರು ಡೆನಿಯರ್. ಆ ಒಂದು ಎಳೆಯೊಳಗೂ ಎರಡು ನಾರುಗಳಿವೆ; ಹುಳುವಿನ ಬಾಯಿಂದ ಜೋಡಿಯಾಗಿ ಬಂದು ಸೆರಿಸಿನ್ ಎಂಬ ಅಂಟಿನಿಂದ ಕೂಡಿಕೊಂಡವು. ಒಂದೊಂದು ನಾರಿನ ದಪ್ಪ ಹತ್ತು ಮೈಕ್ರಾನಿನ ಆಸುಪಾಸು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಮೈಕ್ರೋಫೈಬರ್ ಎಂದು ಕರೆಸಿಕೊಳ್ಳಲು ಎಳೆ ಒಂದು ಡೆನಿಯರಿಗಿಂತ ಸಪೂರವಾಗಿರಬೇಕು. ಲೆನ್ಸ್ ಒರೆಸುವ ಒಳ್ಳೆಯ ಬಟ್ಟೆಯ ಎಳೆ ಅದಕ್ಕಿಂತಲೂ ಎಷ್ಟೋ ಸಣ್ಣದು, ಮೂರು ನಾಲ್ಕು ಮೈಕ್ರಾನ್.

ಅಷ್ಟು ಸಣ್ಣ ಎಳೆಯನ್ನು ನೇರವಾಗಿ ನೂಲುವುದು ಕಷ್ಟ. ಅದಕ್ಕೆ ಪಾಲಿಯೆಸ್ಟರ್ ಮತ್ತು ನೈಲಾನ್ ಎರಡನ್ನೂ, ಹೆಚ್ಚಾಗಿ 80ಕ್ಕೆ 20ರ ಪ್ರಮಾಣದಲ್ಲಿ, ಒಂದೇ ದಪ್ಪ ಎಳೆಯಾಗಿ ಇಳಿಸುತ್ತಾರೆ. ಅಡ್ಡಕ್ಕೆ ಕೊಯ್ದು ನೋಡಿದರೆ ಎರಡೂ ಕಿತ್ತಳೆಯ ತೊಳೆಗಳ ಹಾಗೆ ಪಕ್ಕ ಪಕ್ಕ ಕೂತಿರುತ್ತವೆ. ಬಟ್ಟೆಯಾದ ಮೇಲೆ ಕ್ಷಾರದಿಂದಲೋ ನೀರಿನ ರಭಸದಿಂದಲೋ ಆ ತೊಳೆಗಳನ್ನು ಬಿಡಿಸುತ್ತಾರೆ. ಬಿಡಿಸಿದಾಗ ಪ್ರತಿ ತೊಳೆಗೂ ಚೂಪು ಅಂಚು ಬರುತ್ತದೆ. ಆ ಅಂಚು ಎಣ್ಣೆಯ ಪೊರೆಯನ್ನು ಎಬ್ಬಿಸುತ್ತದೆ, ತೊಳೆಗಳ ನಡುವಿನ ಸಂದು ಅದನ್ನು ಹೀರುತ್ತದೆ. ಬಿಡಿಸದ ಅಗ್ಗದ ಬಟ್ಟೆಯನ್ನೂ ಮೈಕ್ರೋಫೈಬರ್ ಎಂದೇ ಮಾರುತ್ತಾರೆ. ಪರೀಕ್ಷೆ ಸುಲಭ. ಮೇಜಿನ ಮೇಲೆ ನಾಲ್ಕು ಹನಿ ನೀರು ಚೆಲ್ಲಿ ಒರೆಸಿ. ಬಿಡಿಸಿದ ಎಳೆ ಹೀರಿಕೊಳ್ಳುತ್ತದೆ, ಬಿಡಿಸದ್ದು ನೀರನ್ನು ಮುಂದಕ್ಕೆ ತಳ್ಳುತ್ತದೆ. ಹೊಲದ ಕೆಲಸ ಮಾಡಿದ ಒರಟು ಅಂಗೈ ಇದ್ದವರಿಗೆ ಆ ಪರೀಕ್ಷೆಯೂ ಬೇಡ, ಒಳ್ಳೆಯ ಬಟ್ಟೆ ಅಂಗೈಗೆ ಕಚ್ಚಿಕೊಳ್ಳುತ್ತದೆ.

ರೇಷ್ಮೆಯ ಊರಿನವರು ಕೇಳಬಹುದು, ರೇಷ್ಮೆ ಬಟ್ಟೆಯಿಂದಲೇ ಏಕೆ ಒರೆಸಬಾರದು ಎಂದು. ಅಭಿಮಾನ ಪಕ್ಕಕ್ಕಿಟ್ಟು ಹೇಳುವುದಾದರೆ, ಒರೆಸುವ ಕೆಲಸದಲ್ಲಿ ಮೈಕ್ರೋಫೈಬರೇ ಮೇಲು. ಅಂಟು ಕಳೆದ ರೇಷ್ಮೆ ನಾರು ನುಣುಪು. ಅದರ ಅಡ್ಡಕೊಯ್ತ ಮೂಲೆ ಉರುಟಾದ ತ್ರಿಕೋನ. ಬೆಳಕನ್ನು ಬಗೆಬಗೆಯಾಗಿ ತಿರುಗಿಸಿ ಸೀರೆಗೆ ಹೊಳಪು ಕೊಡುವುದು ಆ ತ್ರಿಕೋನವೇ. ಜಿಡ್ಡಿನ ಮೇಲೆ ಮಾತ್ರ ಅದು ಜಾರುತ್ತದೆ. ಒರೆಸುವುದಕ್ಕೆ ಆಗದ ರೇಷ್ಮೆ ನೋಡುವುದಕ್ಕೆ ಎಂಥದು ಎಂಬುದೇ ನನ್ನ ಎರಡನೆಯ ಮಾತು.

ಬಟ್ಟೆಯನ್ನು ಹತ್ತಿರದಿಂದ ನೋಡುವುದು ಹೊಸ ಹವ್ಯಾಸವೇನಲ್ಲ. 1665ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಹುಕ್ ‘ಮೈಕ್ರೋಗ್ರಾಫಿಯಾ’ ಎಂಬ ಪುಸ್ತಕ ಪ್ರಕಟಿಸಿದ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕೈಯಿಂದ ಬಿಡಿಸಿದ ಪುಸ್ತಕ. ಚಿಗಟ, ನೊಣದ ಕಣ್ಣುಗಳ ಜೊತೆಗೆ ರೇಷ್ಮೆ ಬಟ್ಟೆಯೂ ಅದರಲ್ಲಿದೆ. ರೇಷ್ಮೆಯ ಎಳೆಯನ್ನು ನೋಡಿ ಹುಕ್ ಅಲ್ಲಿಗೆ ನಿಲ್ಲಲಿಲ್ಲ, ಹುಳು ಹೊರಬಿಡುವಂಥ ಅಂಟನ್ನು ಮನುಷ್ಯರೇ ಮಾಡಿ ಎಳೆಯಾಗಿ ಎಳೆಯಲು ಸಾಧ್ಯವಾಗಬಹುದು ಎಂದೂ ಸೂಚಿಸಿದ. 1840ರ ದಶಕದಲ್ಲಿ, ಛಾಯಾಗ್ರಹಣ ಇನ್ನೂ ಕಣ್ಣುಬಿಡುತ್ತಿದ್ದಾಗ, ಹೆನ್ರಿ ಫಾಕ್ಸ್ ಟಾಲ್ಬಟ್ ತನ್ನ ಹೊಸ ವಿದ್ಯೆಯ ಶಕ್ತಿ ತೋರಿಸಲು ಆರಿಸಿಕೊಂಡ ವಸ್ತುಗಳಲ್ಲಿ ಲೇಸ್ ಬಟ್ಟೆಯೂ ಒಂದು. ಹುಕ್ ಊಹಿಸಿದ ಕೃತಕ ರೇಷ್ಮೆ 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿತ್ತು. 1935ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ವಾಲೇಸ್ ಕ್ಯಾರೊದರ್ಸ್ ತಂಡ ನೈಲಾನ್ ಮಾಡಿತು. ಹೆಂಗಸರ ಕಾಲುಚೀಲದಲ್ಲಿ ಅದು ಮೊದಲು ಹಿಡಿದದ್ದು ರೇಷ್ಮೆಯ ಜಾಗವನ್ನೇ. 1970ರಲ್ಲಿ ಜಪಾನಿನ ಟೊರೇ ಕಂಪನಿಯ ಮಿಯೋಶಿ ಒಕಾಮೊಟೊ ಒಂದು ಪ್ಲಾಸ್ಟಿಕ್ಕಿನೊಳಗೆ ಇನ್ನೊಂದರ ಹತ್ತಾರು ಸಣ್ಣ ಎಳೆಗಳನ್ನು ಹುದುಗಿಸಿ, ಹೊರಗಿನದನ್ನು ಕರಗಿಸಿ ಒಳಗಿನದನ್ನು ಉಳಿಸಿಕೊಳ್ಳುವ ವಿಧಾನ ಕಂಡುಕೊಂಡ. ಗೂಡನ್ನು ಬಿಸಿನೀರಿಗೆ ಹಾಕಿ ಸೆರಿಸಿನ್ ಮೆದುಮಾಡಿ ಎಳೆಯ ತುದಿ ಹುಡುಕುವ ನಮ್ಮ ಹೆಂಗಸರಿಗೆ ಈ ಉಪಾಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಹೀಗೆ ನಿಮ್ಮ ಬ್ಯಾಗಿನ ಬಟ್ಟೆಗೆ ಮುನ್ನೂರು ವರ್ಷಗಳ ವಂಶವಿದೆ, ಅದರ ಬುಡದಲ್ಲಿರುವುದು ರೇಷ್ಮೆ ಹುಳು.

ಆ ಹುಳು ನಿಮ್ಮ ಮನೆಯ ಹಿತ್ತಲಿನಲ್ಲೇ ಇದೆ. ರಾಮನಗರ ಬಿಟ್ಟರೆ ರಾಜ್ಯದಲ್ಲಿ ಹೆಸರಾದ ದೊಡ್ಡ ಗೂಡಿನ ಮಾರುಕಟ್ಟೆ ಶಿಡ್ಲಘಟ್ಟದ್ದು. ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಮೂರೂ ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ ತೋಟಗಳಿವೆ. ಆದರೂ ನಮ್ಮ ಸೀಮೆಯಿಂದ ಹೊರಗೆ ಹೋಗುವ ಚಿತ್ರ ಯಾವುದು? ನಂದಿ ಬೆಟ್ಟದ ಮೋಡ, ಸ್ಕಂದಗಿರಿಯ ಮೋಡ, ಈಚೆಗೆ ಆವಲಗುರ್ಕಿಯ ಪ್ರತಿಮೆ. ಒಬ್ಬರು ನಿಂತ ಜಾಗದಲ್ಲೇ ಇನ್ನೊಬ್ಬರು ನಿಂತು ತೆಗೆದದ್ದು. ರೇಷ್ಮೆಯ ಚಿತ್ರ ಎಂದರೆ ಹಳದಿ ಗೂಡಿನ ರಾಶಿಯ ಮುಂದೆ ನಗುವ ರೈತ. ಅದು ತಪ್ಪಲ್ಲ, ಆದರೆ ಅಲ್ಲಿಗೇ ನಿಂತಿದ್ದೇವೆ. ಸಣ್ಣ ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತ ಎರಡು ಮೂರು ದಿನ ಎಳೆ ಬಿಡುವ ಹುಳುವಿನ ಬಾಯಿ, ಹುಳು ಗೂಡು ಕಟ್ಟುವ ಚಂದ್ರಿಕೆಯ ಬಿದಿರಿಗೆ ಅಂಟಿದ ಮೊದಲ ಒರಟು ಎಳೆ, ಬೇಸಿನ್ನಿನ ನೀರಿನಲ್ಲಿ ಹತ್ತು ಗೂಡಿನ ಎಳೆ ಒಂದಾಗಿ ಮೇಲೇರುವ ಗಳಿಗೆ, ಬಿಸಿನೀರಿನಲ್ಲಿ ನೆಂದು ಬಿರಿದ ಬೆರಳ ತುದಿಯ ಮೇಲೆ ಕೂತ ಎಳೆ: ಇವನ್ನು ಹತ್ತಿರದಿಂದ ತೆಗೆದವರು ಬಹಳ ಕಡಿಮೆ.

ಕಷ್ಟ ಇದೆ, ಒಪ್ಪುತ್ತೇನೆ. ಒಂದಕ್ಕೊಂದು ಅಳತೆಯಲ್ಲಿ ಎಫ್ 8ರಲ್ಲಿ ತೆಗೆದರೂ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿನಷ್ಟೇ. ಆ ಅಳತೆಯಲ್ಲಿ ರೇಷ್ಮೆಯ ಒಂದು ನಾರು ಸೆನ್ಸರಿನ ಎರಡು ಪಿಕ್ಸೆಲ್ ತುಂಬಿದರೆ ಹೆಚ್ಚು, ಮೈಕ್ರೋಫೈಬರಿನ ಎಳೆ ಒಂದನ್ನೂ ತುಂಬದು. ಎಳೆ ಎಳೆಯಾಗಿ ಬೇಕೆಂದರೆ ಐದು ಪಟ್ಟು ಹಿಗ್ಗಿಸಬೇಕು. ಅಪರ್ಚರ್ ಕಿರಿದು ಮಾಡಿದಷ್ಟೂ ಸ್ಪಷ್ಟ ಎಂಬ ನಮ್ಮ ರೂಢಿಯ ನಂಬಿಕೆ ಅಲ್ಲಿ ಕೈಕೊಡುತ್ತದೆ. ಐದು ಪಟ್ಟಿನಲ್ಲಿ ಎಫ್ 8 ಎಂದು ಇಟ್ಟದ್ದು ಎಫ್ 48ರಂತೆ ನಡೆದುಕೊಂಡು, ಬೆಳಕಿನ ವಿವರ್ತನೆಯಿಂದ (ಡಿಫ್ರಾಕ್ಷನ್) ಎಳೆಗಳೆಲ್ಲ ಮಸುಕಾಗುತ್ತವೆ. ಎಫ್ 2.8ರಲ್ಲೇ ಇಟ್ಟು, ಕೂದಲೆಳೆಯಷ್ಟು ಮುಂದೆ ಸರಿಸುತ್ತ ಹತ್ತಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸಬೇಕು. ಆಗ ಅದುರು ದೊಡ್ಡ ಶತ್ರು. ಗೌರಿಬಿದನೂರಿನಲ್ಲಿ 1965ರಿಂದ ಭೂಮಿಯ ನಡುಕ ದಾಖಲಿಸುತ್ತಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳನ್ನು ಊರಿನ ಗದ್ದಲದಿಂದ ದೂರ ಹರಡಿ ಇಟ್ಟಿರುವುದಕ್ಕೂ ಇದೇ ಕಾರಣ, ಸಣ್ಣದನ್ನು ಹಿಡಿಯಬೇಕಾದರೆ ಸುತ್ತಲಿನ ಅಲುಗಾಟ ಕಡಿಮೆ ಇರಬೇಕು. ನೂಲು ಬಿಚ್ಚುವ ಫಿಲೇಚರಿನ ಯಂತ್ರ ಓಡುವಾಗ ಅದರ ಪಕ್ಕ ಟ್ರೈಪಾಡ್ ಇಟ್ಟು ಎಳೆ ತೆಗೆಯಲು ಹೋಗಬೇಡಿ. ಎಳೆಯನ್ನು ಮನೆಗೆ ತಂದು, ರಾತ್ರಿ ರಸ್ತೆಯಲ್ಲಿ ಲಾರಿ ಕಡಿಮೆಯಾದ ಮೇಲೆ ತೆಗೆಯಿರಿ.

ಹುಳುವಿನ ಮನೆಗೆ ಹೋಗುವಾಗಿನ ರೀತಿ ಇನ್ನೂ ಮುಖ್ಯ. ಒಂದು ಬೆಳೆ ಎಂದರೆ ಒಂದು ಕುಟುಂಬ ಸುಮಾರು ನಾಲ್ಕು ವಾರ ನಿದ್ದೆಗೆಟ್ಟು ಸಾಕಿದ ಬದುಕು. ಹುಳುವಿನಷ್ಟು ಬೇಗ ವಿಷಕ್ಕೆ ಬಲಿಯಾಗುವ ಪ್ರಾಣಿ ಕಡಿಮೆ. ಔಷಧಿ ಹೊಡೆದ ದ್ರಾಕ್ಷಿ ತೋಟದಲ್ಲೋ ಟೊಮೆಟೊ ಹೊಲದಲ್ಲೋ ಬೆಳಿಗ್ಗೆ ಚಿತ್ರ ತೆಗೆದು, ಅದೇ ಬಟ್ಟೆಯಲ್ಲಿ ಅದೇ ಬ್ಯಾಗಿನೊಂದಿಗೆ ಮಧ್ಯಾಹ್ನ ಹುಳುಮನೆಗೆ ಹೋಗಬೇಡಿ. ತಂಬಾಕು, ಸೊಳ್ಳೆ ಔಷಧಿ, ಸೆಂಟು ಒಂದೂ ಮೈಮೇಲಿರಬಾರದು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮನೆಯವರು ಹೇಳಿದಂತೆ ಕೈಕಾಲು ತೊಳೆದು ಒಳಗೆ ಹೋಗಿ. ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣ ನುಗ್ಗದಂತೆ ಕಟ್ಟಿದ ಪರದೆಯನ್ನು ಒಳಗೆ ಹೋದೊಡನೆ ಮುಚ್ಚಿ. ಹುಳು ಜ್ವರದಲ್ಲಿದ್ದಾಗ, ಅಂದರೆ ಪೊರೆ ಕಳಚುವ ಹೊತ್ತಿನಲ್ಲಿ, ತಟ್ಟೆ ಅಲುಗಿಸಬೇಡಿ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ, ಹುಳುವಿನ ಮೇಲೆ ಜೋರು ಬೆಳಕು ಬಿದ್ದರೆ ಅವು ಕತ್ತಲಿನ ಕಡೆ ಸರಿದು ಗುಂಪಾಗುತ್ತವೆ, ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಅಂಥ ಜೋಡಿಗೂಡಿಗೆ ಬೆಲೆ ಕಡಿಮೆ. ಆದ್ದರಿಂದ ಒಂದು ಚಂದ್ರಿಕೆಯನ್ನು ಮನೆಯವರ ಒಪ್ಪಿಗೆ ಪಡೆದು ಬೇರೆ ಇಟ್ಟು, ಮಂದ ಬೆಳಕಿನಲ್ಲಿ ತೆಗೆಯಿರಿ. ತಟ್ಟೆಗೆ ಎರಚುವ ಸುಣ್ಣದ ಪುಡಿ ಲೆನ್ಸಿಗೂ ಬೀಳುತ್ತದೆ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಗಾಜಿನ ಮೇಲೆ ಕ್ಷಾರದ ಕೆಸರು ಮಾಡಿದಂತಾಗುತ್ತದೆ. ಮೊದಲು ಗಾಳಿ, ಆಮೇಲೆ ಬ್ರಷ್.

ನೂಲು ಬಿಚ್ಚುವ ಶೆಡ್ಡಿನಲ್ಲಿ ತೊಂದರೆ ಹಬೆಯದು. ಹೊರಗಿನ ತಂಪಿನಿಂದ ಬಂದ ಲೆನ್ಸ್ ಒಳಗೆ ಕಾಲಿಟ್ಟೊಡನೆ ಮಬ್ಬಾಗುತ್ತದೆ. ಅದನ್ನು ಒರೆಸುತ್ತ ಹೋದರೆ ಒರೆಸಿದಷ್ಟೂ ಬರುತ್ತದೆ, ಬಟ್ಟೆ ಒದ್ದೆಯಾಗಿ ಹಬೆಯಲ್ಲಿರುವ ಜಿಡ್ಡನ್ನು ಗಾಜಿಗೆ ಬಳಿಯುತ್ತದೆ. ಕ್ಯಾಮೆರಾವನ್ನು ಮುಚ್ಚಿದ ಬ್ಯಾಗಿನಲ್ಲೇ ಅರ್ಧ ಗಂಟೆ ಒಳಗಿಡಿ. ಗಾಜು ಆ ಕೋಣೆಯ ಬಿಸಿಗೆ ಹೊಂದಿಕೊಂಡ ಮೇಲೆ ಮಬ್ಬು ಕೂರುವುದಿಲ್ಲ. ಆ ಅರ್ಧ ಗಂಟೆ ಕೆಲಸ ಮಾಡುವ ಅಕ್ಕಂದಿರ ಜೊತೆ ಮಾತಾಡಿ. ಅವರ ಕೈಯ ಚಿತ್ರ ಬೇಕಾದರೆ ಅವರನ್ನೇ ಕೇಳಿ, ಮಾಲೀಕರನ್ನಲ್ಲ. ತೆಗೆದ ಮೇಲೆ ಒಂದು ಪ್ರತಿ ಮುದ್ರಿಸಿ ಅವರ ಕೈಗೆ ಕೊಡಿ. ಮನೆಗೆ ಬಂದ ಮೇಲೆ ಲೆನ್ಸನ್ನು ಒದ್ದೆ ಬ್ಯಾಗಿನಲ್ಲಿ ಬಿಡದೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಒಳಗೆ ಫಂಗಸ್ ಹಿಡಿದರೆ ಜಗತ್ತಿನ ಯಾವ ಬಟ್ಟೆಯೂ ಅಲ್ಲಿಗೆ ತಲುಪುವುದಿಲ್ಲ.

ಇದನ್ನೆಲ್ಲ ಈಗಲೇ ಮಾಡಬೇಕು ಎನ್ನುವುದಕ್ಕೆ ಕಾರಣ ಇದೆ. ಚರಕ ಹೋಗಿ ಕಾಟೇಜ್ ಬೇಸಿನ್ ಬಂತು, ಈಗ ಸ್ವಯಂಚಾಲಿತ ರೀಲಿಂಗ್ ಯಂತ್ರಗಳು ಬರುತ್ತಿವೆ. ಬಿಸಿನೀರಿನಲ್ಲಿ ಕೈ ಬೇಯಿಸಿಕೊಳ್ಳುವ ಕಷ್ಟ ತಪ್ಪುವುದಾದರೆ ಅದು ಬರಲೇಬೇಕು, ಬರಲಿ. ಬಿದಿರಿನ ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಆದರೆ ಬೆರಳ ತುದಿಯ ಅಂದಾಜಿನಲ್ಲೇ 20–22 ಡೆನಿಯರ್ ಕಾಯ್ದುಕೊಳ್ಳುವ ಕೈಗಳ ಹತ್ತಿರದ ಚಿತ್ರಗಳು ನಮ್ಮಲ್ಲಿ ಇಲ್ಲದೆ ಹೋದರೆ ಮುಂದೆ ಎಲ್ಲಿಂದ ತರುವುದು? ಊರಿಗೆ ಬಂದು ಒಂದು ದಿನ ಚಿತ್ರ ತೆಗೆದು ಹೋಗುವವರಿಂದ ಇದು ಆಗದು. ಹುಳು ಯಾವಾಗ ಜ್ವರಕ್ಕೆ ಹೋಗುತ್ತದೆ, ಯಾವಾಗ ಹಣ್ಣಾಗುತ್ತದೆ ಎಂದು ಪಕ್ಕದ ಮನೆಯವರಿಂದ ಫೋನಿನಲ್ಲಿ ತಿಳಿದುಕೊಳ್ಳಬಲ್ಲ ನಿಮ್ಮಿಂದಲೇ ಆಗಬೇಕು.

1839ರ ಆಗಸ್ಟ್ 19ರಂದು ಫ್ರಾನ್ಸ್ ಸರ್ಕಾರ ಡಗೇರೋಟೈಪ್ ವಿಧಾನವನ್ನು ಜಗತ್ತಿಗೆ ಬಿಟ್ಟುಕೊಟ್ಟ ನೆನಪಿಗೆ ಪ್ರತಿ ವರ್ಷ ಆ ದಿನ ವಿಶ್ವ ಛಾಯಾಗ್ರಹಣ ದಿನ ಆಚರಿಸುತ್ತಾರೆ. ಶಾಲು ಹಾರದ ಸನ್ಮಾನ ಎಲ್ಲ ಕಡೆ ನಡೆಯುತ್ತದೆ, ನಡೆಯಲಿ. ಅದರ ಜೊತೆಗೆ ಈ ಕೆಲಸವನ್ನೂ ಎತ್ತಿಕೊಳ್ಳಿ. ನಾಲ್ಕೂ ತಾಲ್ಲೂಕಿನವರು ಸೇರಿ ಮೊಟ್ಟೆಯಿಂದ ನೂಲಿನವರೆಗೆ ಒಂದು ವರ್ಷದ ಮ್ಯಾಕ್ರೋ ಚಿತ್ರಗಳನ್ನು ಹಂಚಿಕೊಂಡು ತೆಗೆಯಿರಿ. ಚಿಂತಾಮಣಿಯವರು ಚಾಕಿಯ ಮರಿಹುಳು ತೆಗೆಯಲಿ, ಗೌರಿಬಿದನೂರಿನವರು ಹಿಪ್ಪುನೇರಳೆ ಸೊಪ್ಪು ಮತ್ತು ಅದರ ಮೇಲಿನ ಜೀವಗಳನ್ನು, ಚಿಕ್ಕಬಳ್ಳಾಪುರದವರು ಹಣ್ಣುಹುಳುವನ್ನು, ಶಿಡ್ಲಘಟ್ಟದವರು ಗೂಡು ಮತ್ತು ನೂಲನ್ನು. ದೊಡ್ಡದಾಗಿ ಮುದ್ರಿಸಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲೇ, ರೈತರೂ ರೀಲರುಗಳೂ ಕೂಲಿಯವರೂ ಹರಾಜಿಗೆ ಬಂದು ಹೋಗುವ ದಾರಿಯಲ್ಲಿ ತೂಗುಹಾಕಿ. ಸಾಲಿನ ಮೊದಲಲ್ಲಿ ನೀವು ಬಳಸಿದ ಒಂದು ಲೆನ್ಸ್ ಬಟ್ಟೆಯ ಚಿತ್ರವೂ ಇರಲಿ, ಅದರೊಳಗೆ ಸಿಕ್ಕಿದ ಕಲ್ಲಿನ ಕಣದ ಸಮೇತ.

ಮುಂದಿನ ಆಗಸ್ಟ್ 19ಕ್ಕೆ ಇದು ಆಗಬೇಕಾದರೆ ಮಾತುಕತೆ ಈ ತಿಂಗಳೇ ಶುರುವಾಗಬೇಕು. ನಿಮ್ಮ ನಿಮ್ಮ ತಾಲ್ಲೂಕಿನ ಸಂಘದ ಮುಂದಿನ ಸಭೆಯಲ್ಲಿ ದಯವಿಟ್ಟು ಈ ವಿಷಯ ಎತ್ತಿ.

ಇಂತಿ,
ನಿಮ್ಮಂತೆಯೇ ಕ್ಯಾಮೆರಾ ಹಿಡಿದ ಒಬ್ಬ ಗೆಳೆಯ